ಹೇಳದ್ದನ್ನೂ ಮಾಡುವ ಕಂಪ್ಯೂಟರ್

ನನ್ನ ತಂಗಿ ನನಗೆ ವಹಿಸಿದ್ದು ಒಂದೇ ಕೆಲಸ: ಹೇಳಿದಷ್ಟು ಮಾತ್ರ ಮಾಡುವುದು. ಅದು ನನ್ನಿಂದ ಆಗಲಿಲ್ಲ. ಹೇಳದ್ದನ್ನೂ ಮಾಡಿದೆ. ಇದೂ ಒಂದು ತಪ್ಪೇ ಎಂದು ಕೇಳಿದವರು ನಗಬಹುದು. ಆದರೆ ಅದರಿಂದ ಅವಳಿಗೆ ಸಿಗಬೇಕಾದ ಕೆಲಸ ಕೈತಪ್ಪುವುದರಲ್ಲಿತ್ತು. ಕಾರಣ ನಾನೇ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದೆ.

ನಮ್ಮದು ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಮಂಡಕ್ಕಿ-ಮಿರ್ಚಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಓದಿದ್ದೆಲ್ಲ ಗಿರಾಕಿಗಳ ಮುಖವನ್ನೇ. ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಹುಬ್ಬು ಹಾರಿಸಿದರೆ ಖಾರ ಕಡಿಮೆ. ಹಡಗಲಿ ಬಸ್ಸಿನ ಡ್ರೈವರ್ ಕೆಮ್ಮಿದರೆ ಎರಡು ಮಿರ್ಚಿ, ಮೇಲೆ ಈರುಳ್ಳಿ ಜಾಸ್ತಿ. ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳಿದ ಮೇಲೆ ಕೊಡುವುದು ನಮ್ಮ ಮನೆಯಲ್ಲಿ ನಾಚಿಕೆಗೇಡು. ಚಿಕ್ಕವನಿದ್ದಾಗ ಅವ್ವ ಬೈಯುತ್ತಿದ್ದುದೇ ಹಾಗೆ: "ಎಲ್ಲಾ ಹೇಳಿಸ್ಕೊಂಡೇ ಮಾಡ್ತೀಯೇನಲೇ? ಎತ್ತಾದ್ರೂ ಹೊತ್ತು ಮುಳುಗಿದ್ರ ತಾನಾ ಮನಿಗೆ ಬರ್ತೈತಿ."

ತಂಗಿ ಬಿ.ಎ. ಮುಗಿಸಿ ಊರಿನ ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. ಅಲ್ಲಿಯ ಸರ್ ಚಿಕ್ಕ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ಪೈಥಾನ್ ಭಾಷೆಯ ಮೊದಲ ಪಾಠಗಳನ್ನು ಸರಿಯಾಗಿ ಕಲಿತು ತೋರಿಸಿದರೆ ಆ ಕೆಲಸ ಇವಳಿಗೇ ಎಂದಿದ್ದರು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಅದಕ್ಕೆ ಸರ್ ಒಂದು ಉಪಾಯ ಹೇಳಿಕೊಟ್ಟರು: ಏನು ಮಾಡಬೇಕೋ ಅದನ್ನು ಸಾಲುಸಾಲಾಗಿ ಕಾಗದದ ಮೇಲೆ ಬರೆಯಿರಿ, ಮನೆಯವರೊಬ್ಬರನ್ನು ಕಂಪ್ಯೂಟರ್ ಮಾಡಿ ಕೂರಿಸಿ, ಅವರು ಬರೆದಷ್ಟೇ ಮಾಡಲಿ, ಎಲ್ಲಿ ತಪ್ಪಿದೆಯೋ ತಾನೇ ಗೊತ್ತಾಗುತ್ತದೆ.

"ಅಣ್ಣಾ, ನೀನ ನನ್ನ ಕಂಪ್ಯೂಟರ್" ಎಂದಳು.

"ಅವನೇನ್ ಬೇಷಾಗಿ ಆಕ್ಕಾನ. ಗುಂಡಿ ಒತ್ತದ ಹೊರ್ತು ಏಳಂಗಿಲ್ಲ" ಎಂದಳು ಅವ್ವ, ಕಡಲೆಹಿಟ್ಟು ಕಲಸುತ್ತ.

ಮಧ್ಯಾಹ್ನ ಬಸ್ಸುಗಳು ಕಡಿಮೆಯಾದಾಗ ಪಾಠ ನಡೆಯುತ್ತಿತ್ತು. ಮೊದಲು ವೇರಿಯಬಲ್. "ಅಂದ್ರ ಡಬ್ಬಿ ಇದ್ದಂಗ. ಮ್ಯಾಲೆ ಒಂದು ಹೆಸರು, ಒಳಗ ಒಂದು ಸಾಮಾನು" ಎಂದು ತಂಗಿ ಸಕ್ಕರೆ ಎಂದು ಬರೆದಿದ್ದ ಡಬ್ಬಿ ತೆಗೆದು ತೋರಿಸಿದಳು. ಒಳಗೆ ಹೆಸರುಬೇಳೆ ಇತ್ತು.

"ಇದೇನವ್ವಾ?"

"ಸಕ್ಕರಿ ಡಬ್ಬ್ಯಾಗ ಸಕ್ಕರಿ ಇಟ್ರ ಇರುವಿಗೆ ಗೊತ್ತಾಗಂಗಿಲ್ಲೇನು?"

ಇರುವೆಗಳಿಗೂ ಓದು ಬರುತ್ತದೆ ಎಂದು ನನಗೆ ಅಂದೇ ತಿಳಿದದ್ದು. ತಂಗಿ ಮಾತ್ರ ಖುಷಿಯಿಂದ ಚಪ್ಪಾಳೆ ತಟ್ಟಿದಳು. "ಕಂಪ್ಯೂಟರ್ನ್ಯಾಗೂ ಹಂಗಾ ನೋಡವ್ವಾ. ಹೆಸರು ಏನರ ಇರ್ಲಿ, ಒಳಗ ಏನಿಟ್ಟೀವಿ ಅದಾ ಲೆಕ್ಕ."

ಮರುದಿನ ಮಿರ್ಚಿ ಕರಿಯುವ ಪ್ರೋಗ್ರಾಂ ಬರೆದು ತಂದಳು. ಬಾಣಲೆ ಇಡು, ಎಣ್ಣೆ ಹಾಕು, ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದು, ಎಣ್ಣೆಗೆ ಬಿಡು. ಒಲೆ ಹಚ್ಚು ಎಂದು ಎಲ್ಲೂ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಆದರೆ ಅವಳು ಓದಿ ಮುಗಿಸುವ ಮೊದಲೇ ನನ್ನ ಕೈ ಒಲೆ ಹಚ್ಚಿಯಾಗಿತ್ತು. ಮಿರ್ಚಿ ಉಬ್ಬಿ ಮೇಲೆ ಬಂತು.

"ಒಂದಾ ಸಲಕ್ಕ ಸರಿ ಬಂತಲ್ಲ ಅಣ್ಣಾ! ಎಂಥಾ ಚಲೋ ಕಂಪ್ಯೂಟರ್ ನೀನು!"

ಶಾಲೆಯಲ್ಲಿ ಯಾವ ಮೇಷ್ಟ್ರೂ ನನಗೆ ಚಲೋ ಎಂದವರಲ್ಲ. ಆ ಮಾತು ಕೇಳಿದ ಮೇಲೆ ಒಲೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಇಷ್ಟು ಸಣ್ಣದನ್ನೂ ಬರೆದು ಹೇಳಬೇಕೇ, ಯಾವ ಕಂಪ್ಯೂಟರಿಗಾದರೂ ಅಷ್ಟು ಬುದ್ಧಿ ಇರುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡೆ.

ಆಮೇಲೆ ಬಂದದ್ದು ಲೂಪ್. ಹೇಳಿದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸುವುದು. ತಂಗಿ ಒಂದು ಸ್ಲೇಟಿನ ನೆತ್ತಿಯಲ್ಲಿ 'ಎಣಿಕೆ' ಎಂದು ಬರೆದು, ಕೆಳಗೆ ದೊಡ್ಡ ಸೊನ್ನೆ ಹಾಕಿ, ನನ್ನ ಮುಂದೆ ನಿಲ್ಲಿಸಿದಳು. ನಿಯಮ ಇಷ್ಟೇ: ಪ್ರತಿ ಸಲ ಸ್ಲೇಟು ನೋಡಬೇಕು. ಅದರಲ್ಲಿರುವುದು ಹತ್ತಕ್ಕಿಂತ ಕಡಿಮೆ ಇದ್ದರೆ ಒಂದು ಮಿರ್ಚಿ ಕರಿಯಬೇಕು. ಮತ್ತೆ ಸ್ಲೇಟು ನೋಡಬೇಕು. ಹೀಗೆ ಹತ್ತು ಮಿರ್ಚಿಗೆ ತಾನೇ ನಿಲ್ಲುತ್ತದೆ ಎಂಬುದು ಅವಳ ಲೆಕ್ಕ.

ಸ್ಲೇಟಿನ ಅಂಕಿಯನ್ನು ಒರೆಸಿ ಒಂದು ಕೂಡಿಸು ಎಂದು ಅವಳು ಬರೆದಿರಲಿಲ್ಲ. ಅವಳ ಕಣ್ಣು ಕಾಗದದ ಮೇಲಿತ್ತು. ನಾನು ಒಂದೊಂದು ಮಿರ್ಚಿ ತೆಗೆದಾಗಲೂ ಒದ್ದೆ ಬೆರಳಿಂದ ಸ್ಲೇಟು ಒರೆಸಿ ಒಂದು, ಎರಡು, ಮೂರು ಎಂದು ತಿದ್ದುತ್ತ ಹೋದೆ. ಹತ್ತಕ್ಕೆ ನಿಲ್ಲಿಸಿ ಜಂಬದಿಂದ ಕೈ ಒರೆಸಿಕೊಂಡೆ. ತಂಗಿ ಅವ್ವನನ್ನು ಹಿಡಿದು ಕುಣಿದಳು. ಹತ್ತು ಮಿರ್ಚಿಯನ್ನೂ ಕೂಡ್ಲಿಗಿ ಬಸ್ಸಿಗೆ ಕಾಯುತ್ತಿದ್ದವರು ತಿಂದರು. ಸಾಕ್ಷಿಯೂ ಉಳಿಯಲಿಲ್ಲ.

ಪರೀಕ್ಷೆಯ ದಿನ ಸರ್‌ಗೆಂದು ಮಂಡಕ್ಕಿ ಪೊಟ್ಟಣ ಹಿಡಿದು ನಾನೂ ಜೊತೆಗೆ ಹೋದೆ. ಮಕ್ಕಳನ್ನು ಸುತ್ತ ಕೂರಿಸಿ ಸರ್ ಹೇಳಿದರು: "ಹತ್ತು ಸಲ ನಮಸ್ಕಾರ ಅಂತ ಬರೋಹಂಗ ಮಾಡಮ್ಮ." ನಮ್ಮ ಹುಡುಗಿಗೆ ಇದೆಷ್ಟರದು! ಮಿರ್ಚಿಯ ಜಾಗದಲ್ಲಿ ನಮಸ್ಕಾರ ಇಟ್ಟಳು. ಗುಂಡಿ ಒತ್ತಿದಳು.

ನಮಸ್ಕಾರ. ನಮಸ್ಕಾರ. ನಮಸ್ಕಾರ. ಹತ್ತು ದಾಟಿತು, ಪರದೆ ತುಂಬಿತು, ಸಾಲುಗಳು ಮಿಂಚಿನ ಹಾಗೆ ಮೇಲಕ್ಕೆ ಓಡತೊಡಗಿದವು. ಮಕ್ಕಳು ಮೊದಲು ಬೆರಗಾದರು, ಆಮೇಲೆ ಒಬ್ಬರ ಹಿಂದೊಬ್ಬರು ಕಂಪ್ಯೂಟರಿಗೆ ತಿರುಗಿ ಕೈ ಮುಗಿಯತೊಡಗಿದರು.

"ಸಾಕಮ್ಮ, ಇಷ್ಟು ಮರ್ಯಾದಿ ನಮ್ಮ ಬೀಗ್ರೂ ಕೊಟ್ಟಿಲ್ಲ" ಎಂದು ಸರ್ ಎದ್ದು ಬಂದು ಅದನ್ನು ನಿಲ್ಲಿಸಿದರು.

ತಂಗಿಯ ಮುಖ ಬಿಳಿಚಿಕೊಂಡಿತ್ತು. "ಮನ್ಯಾಗ ಸರಿಯಾಗಿ ಹತ್ತಕ್ಕ ನಿಂತಿತ್ರಿ ಸರ್."

"ಮನ್ಯಾಗ ಕಂಪ್ಯೂಟರ್ ಐತೇನು?"

"ಇಲ್ರಿ. ನಮ್ಮಣ್ಣ ಅದಾನ್ರಿ."

ಎಲ್ಲರೂ ಬಾಗಿಲ ಕಡೆ ತಿರುಗಿ ನೋಡಿದರು. ನಾನು ಮಂಡಕ್ಕಿ ಪೊಟ್ಟಣವನ್ನು ಎದೆಗೆ ಅವಚಿಕೊಂಡೆ. ಕೈ ಮುಗಿಯುತ್ತಿದ್ದ ಮಕ್ಕಳಲ್ಲಿ ಒಂದು ನನಗೂ ಮುಗಿಯಿತು.

ಸರ್ ಕೆಟ್ಟವರಲ್ಲ. "ತಪ್ಪು ಎಲ್ಲೈತಿ ಅಂತ ನಾನು ಹೇಳಂಗಿಲ್ಲಮ್ಮ. ಮಕ್ಕಳಿಗೆ ಕಲಿಸಾಕಿ ನೀನು, ನೀನಾ ಹುಡುಕಬೇಕು. ಸೋಮವಾರ ಹಗರಿಬೊಮ್ಮನಹಳ್ಳಿಯಿಂದ ಇನ್ನೊಬ್ರು ಬರೋರದಾರ. ಅಷ್ಟ್ರೊಳಗ ಬಾ" ಎಂದರು.

ಅವಳು ಹುಡುಕಿದಳು. ಅಕ್ಷರ ನೋಡಿದಳು, ಚುಕ್ಕೆ ನೋಡಿದಳು, ಸಾಲುಗಳ ಮುಂದೆ ಬಿಟ್ಟ ಜಾಗ ನೋಡಿದಳು. ಮಿರ್ಚಿಯಲ್ಲಿ ಸರಿ ಬಂದದ್ದು ನಮಸ್ಕಾರದಲ್ಲಿ ಏಕೆ ಕೆಟ್ಟಿತು ಎಂದು ತಲೆ ಕೆಡಿಸಿಕೊಂಡಳು. ಕೊನೆಗೆ ಕಾಗದ ಮಡಿಚಿಟ್ಟು ನನ್ನ ಪಕ್ಕದಲ್ಲಿ ಕೂತು ಈರುಳ್ಳಿ ಹೆಚ್ಚತೊಡಗಿದಳು.

"ನನ್ನ ತಲಿಗೆ ಹತ್ತಂಗಿಲ್ಲ ಬಿಡಣ್ಣಾ. ಎಲ್ಲಾ ಸರಿ ಬರದ್ರೂ ತಪ್ಪು ಬರ್ತೈತಿ ಅಂದ್ರ ನಾನಾ ದಡ್ಡಿ."

ಕಣ್ಣಲ್ಲಿ ನೀರಿತ್ತು. ಈರುಳ್ಳಿಯ ಮೇಲೆ ಹಾಕಿ ಸುಮ್ಮನಿರಬಹುದಿತ್ತು, ಎರಡು ದಿನ ಹಾಗೇ ಸುಮ್ಮನಿದ್ದೆ ಕೂಡ. ಭಾನುವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಸ್ಲೇಟು ತೊಳೆದು, ಸೊನ್ನೆ ಬರೆದು ಅವಳ ಮುಂದಿಟ್ಟೆ.

"ಇನ್ನೊಂದು ಸಲ ಓದು."

"ಯಾಕ? ಸರಿನಾ ಐತಲ್ಲ."

"ಓದು ಅಂದ್ನೆಲ್ಲ."

ಅವಳು ಬೇಸರದಿಂದ ಓದಿದಳು. ನಾನು ಸ್ಲೇಟು ನೋಡಿದೆ: ಸೊನ್ನೆ. ಒಂದು ಮಿರ್ಚಿ ಕರಿದೆ. ಸ್ಲೇಟು ನೋಡಿದೆ: ಸೊನ್ನೆ. ಇನ್ನೊಂದು ಕರಿದೆ. ಒರೆಸಲು ಬೆರಳು ತುರಿಸುತ್ತಿತ್ತು, ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಹುಟ್ಟಿದಾಗಿನಿಂದ ಅಷ್ಟು ಕಷ್ಟದ ಕೆಲಸ ನಾನು ಮಾಡಿರಲಿಲ್ಲ. ತಟ್ಟೆ ತುಂಬಿತು, ಬುಟ್ಟಿ ತುಂಬಿತು. ಹಡಗಲಿ ಡ್ರೈವರ್ ಬಂದು ಕೆಮ್ಮಿದ. ಅವನ ಕಡೆ ನೋಡಲಿಲ್ಲ. ಮತ್ತೆ ಕೆಮ್ಮಿದ.

"ಏನವ್ವಾ, ನಿನ್ನ ಮಗಗ ಕಿವಿ ಹೋಗ್ಯಾವೇನು?"

"ತಲಿ ಹೋಗೈತ್ರಿ. ಲೇ, ಹಿಟ್ಟು ತೀರೇತಿ, ನಿಲ್ಸಲೇ!" ಎಂದು ಅವ್ವ ಕೂಗಿದಳು.

"ಸಾಕು ನಿಲ್ಸಣ್ಣಾ! ಹತ್ತು ಯಾವಾಗೋ ಆದ್ವು!" ಎಂದಳು ತಂಗಿ.

"ಸ್ಲೇಟ್ನ್ಯಾಗ ಸೊನ್ನಿ ಐತಿ" ಎಂದೆ. "ಹತ್ತಕ್ಕಿಂತ ಕಡಿಮಿ."

ಅವಳು ಸ್ಲೇಟು ನೋಡಿದಳು. ಕಾಗದ ನೋಡಿದಳು. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಕೊನೆಯ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಬೆರಳು ನಿಂತಿತು.

"ಒಂದು ಕೂಡ್ಸು ಅಂತ ನಾನು ಬರ್ದೇ ಇಲ್ಲ" ಎಂದಳು ಮೆಲ್ಲಗೆ. ಮುಖ ಅರಳಿತು. ಮರುಗಳಿಗೆಯೇ ಹುಬ್ಬು ಗಂಟಿಕ್ಕಿತು. "ಮತ್ತ ಅವತ್ತು ನೀನು ಹೆಂಗ ಹತ್ತಕ್ಕ ನಿಂತಿ?"

ಬಾಣಲೆಯಲ್ಲಿ ಕೊನೆಯ ಮಿರ್ಚಿ ಕರಕಲಾಗುತ್ತಿತ್ತು. ತೆಗೆ ಎಂದು ಯಾರೂ ಹೇಳಿರಲಿಲ್ಲ, ನಾನು ತೆಗೆಯಲಿಲ್ಲ.

"ಸ್ಲೇಟು ನಾನಾ ಒರಸಿ ಒರಸಿ ತಿದ್ದಿದ್ದೆ. ಒಲಿನೂ ನಾನಾ ಹಚ್ಚಿದ್ದೆ. ನೀ ಚಲೋ ಕಂಪ್ಯೂಟರ್ ಅಂದ್ಯಲ್ಲ, ಅದಕ್ಕ ಬಾಯಿ ಬಿಡ್ಲಿಲ್ಲ. ನೀನು ದಡ್ಡಿ ಅಲ್ಲ. ತಪ್ಪಾತು ತಂಗಿ, ನಂದು ತಪ್ಪಾತು."