ಯುದ್ಧಕ್ಕೆ ಕೊಟ್ಟ ಪವನಿನ ಸರ

ಮೊನ್ನೆ ನನ್ನ ಮಗಳ ಮಗಳು ನಿಶಾ ಕಾಮರ್ಸ್ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ಹೊಸ ಪುಸ್ತಕದ ವಾಸನೆ ಒಗ್ಗರಣೆಯ ಘಮದಲ್ಲಿ ಬೆರೆಯಿತು. "ಅಜ್ಜಿ, ಸರ್ಕಾರ್ ಲೋಗೋಂ ಸೆ ಉಧಾರ್ ಲೇಕೆ ಯುದ್ಧ ಲಡ್ತೀ ಹೈ, ಪತಾ ಹೈ?" ಜನರಿಂದ ಸಾಲ ಪಡೆದು ಯುದ್ಧ ಮಾಡುವ ಈ ಸಂಗತಿಯನ್ನು ಒಮ್ಮೆ ನಾನೇ ವಿವರಿಸಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ ಮಕ್ಕಳೇ. ತರಕಾರಿ ಮಾರುವ ಭಾಜಿಯವನಿಗೆ ಕೊತ್ತಂಬರಿ ಬಾಡಿದೆ ಎನ್ನಲೂ ನನಗೆ ಬಾಯಿ ಬರುವುದಿಲ್ಲ.

ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಊರಿನಲ್ಲಿದ್ದಾಗ ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧವಾಗಿತ್ತು. ಚಿನ್ನ ಕೊಟ್ಟವರಿಗೆ ಸರಕಾರ ಬಾಂಡ್ ಕೊಡುತ್ತಿತ್ತು. ಅತ್ತೆ ಚಿನ್ನದ ನಾಣ್ಯ ಪೋಣಿಸಿದ ತವರಿನ ಪವನಿನ ಸರ ಬಿಚ್ಚಿಕೊಟ್ಟರು. ಅವಧಿ ಮುಗಿದಾಗ ಬಂದದ್ದು ಚಿನ್ನದ ಬರೀ ಗಟ್ಟಿ. ಊರಿನ ಸೊಸೈಟಿಯಲ್ಲಿ ಬೆಂಡೋಲೆ ಅಡವಿಟ್ಟರೆ, ಬಿಡಿಸುವಾಗ ಅದೇ ಬೆಂಡೋಲೆ ಕೈಗೆ ಬರುತ್ತದಲ್ಲ. ಸರಕಾರವೂ ಹಾಗೆಯೇ ಎಂದುಕೊಂಡಿದ್ದರು. "ಇದು ಯಾರದ್ದೋ. ನನ್ನ ಸರ ಬರಲಿ" ಎಂದು ಗಟ್ಟಿಯನ್ನು ಡಬ್ಬಿಗೆ ಹಾಕಿ ಬೀಗ ಹಾಕಿದವರು, ನಮ್ಮೊಡನೆ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೇಲೂ ಯಾರಿಗೂ ಮುಟ್ಟಗೊಡಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲೆ ನಿಶಾಳ ಅಮ್ಮನ ಮದುವೆ ನಿಶ್ಚಯವಾಯಿತು. ಪಕ್ಕದ ಕಲ್ಯಾಣ್ ಪೇಟೆಯ ಹೋಟೆಲಿನಲ್ಲಿ ಗಲ್ಲಾ ನೋಡುತ್ತಿದ್ದ ನಿಮ್ಮ ಅಜ್ಜನ ಉಳಿತಾಯ ಹಾಲ್ ಬಾಡಿಗೆಗೇ ಮುಗಿದಿತ್ತು. ಮದುಮಗಳ ಕೊರಳಿಗೆ ಆ ಗಟ್ಟಿಯೇ ಗತಿ. "ನಾನು ಕೇಳಿದ್ರೆ ಬೈತಾರೆ, ನೀನೇ ಕೇಳು" ಎಂದು ಅವರು ಲೋಕಲ್ ರೈಲು ಹಿಡಿಯಲು ಓಡಿದರು.

ಅತ್ತೆ, ನಾನು ಇಬ್ಬರೂ ಬಟಾಣಿ ಸುಲಿಯುತ್ತಿದ್ದೆವು. ಹೋಟೆಲಿಗೆ ಬರುವ ಬ್ಯಾಂಕಿನವರೊಬ್ಬರಿಂದ ನಿಮ್ಮ ಅಜ್ಜ ಕೇಳಿಕೊಂಡು ಬಂದಿದ್ದನ್ನು ಗಿಳಿಯಂತೆ ಒಪ್ಪಿಸಿದೆ. "ಅತ್ತೆ, ಅದು ಅಡವಲ್ಲ. ಸರಕಾರ ನಮ್ಮಿಂದ ಸಾಲ ತೆಗೆದದ್ದು. ಚಿನ್ನ ಕರಗಿಸ್ತಾರೆ. ಚಿನ್ನ ಇದ್ರೆ ಹೊರದೇಶದಿಂದ ಯುದ್ಧದ ಸಾಮಾನು ಸಿಗ್ತದೆ. ಮತ್ತೆ ತೆರಿಗೆ ಎತ್ತಿ ಸಾಲ ತೀರಿಸ್ತಾರೆ."

"ತೆರಿಗೆ ಕೊಟ್ಟದ್ದು ಯಾರು?"

"ನಾವೇ. ಸಕ್ಕರೆಗೆ, ಬಟ್ಟೆಗೆ, ಬೆಂಕಿಪೆಟ್ಟಿಗೆಗೆ."

"ನಮ್ಮದನ್ನು ನಮಗೇ ಕೊಟ್ಟು ದೊಡ್ಡ ಜನ ಆದ್ರು!" ಅತ್ತೆ ನಕ್ಕರು. ಆಮೇಲೆ ಅವರ ಕೈ ನಿಂತಿತು. "ಹಾಗಾದ್ರೆ ನನ್ನ ಸರ ಗುಂಡಾಯ್ತಾ ಮಾರಾಯ್ತಿ?"

"ಆಗಿರಬಹುದು ಅತ್ತೆ" ಎಂದೆ.

"ಯಾರ ಮಗನಿಗೆ ತಾಗಿತೋ."

ಬಟಾಣಿಯೆಲ್ಲ ಮುಗಿದ ಮೇಲೆ ಸೊಂಟದ ಕೀಲಿಕೈ ಬಿಚ್ಚಿ ನನ್ನ ಮುಂದಿಟ್ಟರು. "ಇನ್ನು ಆ ಸರ ಬರುವುದು ಬೇಡ. ಹುಡುಗಿಗೆ ಇದರಲ್ಲೇ ಸರ ಮಾಡಿಸು."

ಇಷ್ಟನ್ನು ಕೇಳಿದ ನಿಶಾ ಪೆನ್ನು ತೆಗೆದು ಪುಸ್ತಕ ಬಿಚ್ಚಿದಳು. "ಫಿರ್ ಸೆ ಮಾಂಗಾ ತೋ ಆಪ್ ದೇಂಗೀ, ಅಜ್ಜಿ?"

ಸರಕಾರ ಮತ್ತೆ ಕೇಳಿದರೆ ಕೊಡುತ್ತೇನೆಯೇ ಎಂದರೆ, ಗಡಿಯಲ್ಲಿ ನಮ್ಮ ಮಕ್ಕಳು ನಿಂತಿರುವಾಗ ಕೊಡದೆ ಇರಲಾಗುತ್ತದೆಯೇ? ಕೊಟ್ಟ ಮೇಲೆ ನಿದ್ದೆ ಬರುತ್ತದೆಯೇ? ಎರಡನ್ನೂ ಹೇಳಿದೆ. ಅವಳು ಯಾವುದನ್ನೂ ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಹತ್ತಿರ ಬಂದು ಕುಳಿತಳು.