ಅಪ್ಪ ಇರುವಾಗ ತೆಗೆದ ಮೀಸೆ

ಗಂಡಸಿನ ಮುಖ ಹೇಗಿದ್ದರೆ ಚೆಂದ ಎಂದು ನನ್ನನ್ನು ಮಾತ್ರ ಕೇಳಬೇಡಿ. ಹದಿನಾಲ್ಕು ಹೆಣ್ಣು ನೋಡಿ, ಹದಿನಾಲ್ಕು ಮನೆಯಲ್ಲೂ ಉಪ್ಪಿಟ್ಟು ತಿಂದು ಎದ್ದು ಬಂದವನು ನಾನು. ಅವ್ವನಿಗೆ ಅಗಲ ಮುಖ, ದಪ್ಪ ಮೀಸೆ ಇದ್ದರೇನೇ ಗಂಡಸು. ಅಜ್ಜಂಪುರದ ಹುಡುಗಿಗೆ ಗಡ್ಡ ಬೇಕಿತ್ತು. ಬಿಟ್ಟೆ. ಗಲ್ಲದ ಮೇಲೆ ಒಂದು ಕುಚ್ಚು, ಕೆನ್ನೆಯ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು. ಜ್ವರ ಬಂದು ಎದ್ದೋರ ಥರ ಕಾಣ್ತಾರೆ ಅಂದಳಂತೆ. ಪಂಚನಹಳ್ಳಿಯವರು ಮೂಗನ್ನು ಹೊಗಳಿ, ಬಣ್ಣ ಸಾಲದು ಅಂದರು. ಮೂಗೊಂದನ್ನೇ ಕೊಟ್ಟು ಬರೋಕಾಗುತ್ತಾ?

ಹದಿನೈದನೆಯವಳು ತರೀಕೆರೆಯವಳು, ಅಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ನನ್ನ ಮಾತಿಗೆ ನಕ್ಕ ಮೊದಲ ಹುಡುಗಿ. ಒಂದು ತಿಂಗಳು ಫೋನಿನಲ್ಲಿ ಮಾತಾಡಿದೆವು. ನನಗಾಗ ಮೂವತ್ತೆಂಟು, ಇದು ತಪ್ಪಿದರೆ ಇನ್ನಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಅವಳು ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡುವವಳು. ಅದರಲ್ಲಿನ ಒಬ್ಬ ಹುಡುಗನ ಫೋಟೋ ಕಳಿಸಿದಳು. ನುಣ್ಣನೆಯ ಮುಖ, ತುಟಿಗೆ ಬಣ್ಣ. ಅವ್ವ ನೋಡಿದ್ದರೆ ಯಾರ ಮನೆ ಹುಡುಗಿ ಅಂತ ಕೇಳಿರುತ್ತಿದ್ದಳು.

"ಮೀಸೇಲಿ ನಮ್ ಹೆಡ್‌ಮಾಸ್ಟ್ರ ಥರ ಕಾಣ್ತೀರ ಕಣ್ರೀ. ಮನೆ ನೋಡಕ್ಕೆ ನಾನೂ ಬತ್ತೀನಿ. ಅಷ್ಟ್ರಲ್ಲಿ ತೆಗ್ದಿರಿ, ಪ್ಲೀಸ್" ಅಂದಳು.

ನಮ್ಮ ಕಡೆ ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಯುವುದಿಲ್ಲ. ಅಪ್ಪ ಹೋದ ಮೇಲೆ, ಕರ್ಮದ ದಿನ ತೆಗೆಯುತ್ತಾರೆ. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ. ಚೆನ್ನಾಗಿ ಗೊತ್ತಿತ್ತು. ಅವರು ಮನೆ ನೋಡಲು ಬರುವ ದಿನ ಬೆಳಿಗ್ಗೆಯೇ ಬೈಕ್ ಹತ್ತಿ ಕಡೂರಿಗೆ ಹೋದೆ. ಮೀಸೆ ತೆಗಿ ಅಂದಕೂಡಲೇ ಕಟಿಂಗ್ ಶಾಪಿನವನು ಕತ್ತರಿ ಕೆಳಗಿಟ್ಟ.

"ಅಪ್ಪಾರು ಚೆನ್ನಾಗವ್ರಲ್ವಾ?"

"ಗುಂಡುಕಲ್ಲಿನಂಗೆ ಅವ್ರೆ. ನೀನ್ ತೆಗಿ."

"ನನ್ ಕೈಲಾಗಲ್ಲ ಕಣಣ್ಣ."

ರೇಜರ್ ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತ. ನಾನೇ ತೆಗೆದುಕೊಂಡೆ. ಮೇಲ್ದುಟಿ ಬಿಸಿಲು ಕಾಣದೆ ಬೆಳ್ಳಗಿತ್ತು. ಅಲ್ಲಿಂದಲೇ ಫೋಟೋ ಕಳಿಸಿದೆ. "ಎಷ್ಟ್ ಚೆನ್ನಾಗ್ ಕಾಣ್ತೀರ" ಅಂತ ಬರೆದಳು. ಈ ಮುಖಕ್ಕೆ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ನಮ್ಮೂರು ಸಿಂಗಟಗೆರೆಯವರೆಗೂ ಹಲ್ಲು ಕಿರಿದುಕೊಂಡೇ ಬಂದೆ, ಮುಠ್ಠಾಳ.

ಹಟ್ಟಿಬಾಗಿಲಲ್ಲಿ ಅವ್ವ ನೋಡಿದಳು. "ಅಯ್ಯೋ ಪಾಪಿ, ಏನ್ ಮಾಡ್ಕೊಂಬಂದ್ಯೋ!" ಅಂದು ಬಾಯಿಗೆ ಸೆರಗು ಹಿಡಿದು ಅಡುಗೆಮನೆ ಸೇರಿದಳು. ಅಷ್ಟರಲ್ಲಿ ಅವರ ಕಾರು ಬಂದೇಬಿಟ್ಟಿತು. ಅವಳ ತಾತ ಇಳಿದರು, ಅವಳ ಅಪ್ಪ ಇಳಿದರು. ಅವಳು ಬಂದೇ ಇರಲಿಲ್ಲ. ಮದುವೆಗೆ ಮುಂಚೆ ಹುಡುಗಿ ಗಂಡಿನ ಮನೆ ಹೊಸಿಲು ತುಳಿಯಬಾರದು ಅಂತ ತಾತ ಹೊರಡುವಾಗ ತಡೆದಿದ್ದರಂತೆ. ಯಾರಿಗಾಗಿ ತೆಗೆದಿದ್ದೆನೋ ಅವಳೊಬ್ಬಳನ್ನು ಬಿಟ್ಟು ಎಲ್ಲರೂ ನನ್ನ ಮುಖ ನೋಡಿದರು.

ತಾತ ಜಗಲಿಯ ಮೇಲೆ ಕೂತು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

"ಯಾವಾಗಪ್ಪಾ ಹೋಗಿದ್ದು? ನಮಗೊಂದ್ ಮಾತು ತಿಳಿಸ್ಬಾರ್ದಾ? ಹೋದ್ ತಿಂಗ್ಳು ನಂಜೊತೇಲೇ ಕೂತು ಎಲೆ ಅಡ್ಕೆ ಹಾಕಿದ್ರಲ್ಲೋ."

ನಾನು ಬಾಯಿ ತೆರೆಯುವ ಮೊದಲೇ ತೋಟದ ಕಡೆಯಿಂದ ಅಪ್ಪ ಬಂದ. ಬೀಗರಿಗೆಂದು ತಾನೇ ಆರಿಸಿ ಕೀಳಿಸಿದ ಎಳನೀರಿನ ಗೊನೆ ಹೆಗಲ ಮೇಲಿತ್ತು. "ಬನ್ನಿ ಬನ್ನಿ, ತಡ ಆಗೋಯ್ತು" ಅಂದವನು ನನ್ನ ಮುಖ ನೋಡಿ ಅಲ್ಲೇ ನಿಂತ. ಗೊನೆ ಇಳಿಸುವುದನ್ನೂ ಮರೆತ.

ತಾತ ನನ್ನ ಕೈ ಬಿಟ್ಟು ಎದ್ದರು. "ಕಣ್ಮುಂದೆ ಇರೋ ಅಪ್ಪನ್ನೇ ಇಲ್ಲ ಅನ್ನಿಸ್ದೋನು, ನಾಳೆ ನಮ್ ಹುಡ್ಗೀನ ಬಾಳಿಸ್ತಾನಾ?" ಅಂದರು. ಅಪ್ಪ ಆಮೇಲೆ ಏನೂ ಆಗಿಲ್ಲವೆಂಬಂತೆ ಎಳನೀರು ಕೆತ್ತಿ ಕೊಡಲು ಹೋದ. ಒಬ್ಬರೂ ಮುಟ್ಟದೆ ಕಾರು ಹತ್ತಿದರು.

ಮಧ್ಯಾಹ್ನವೇ ಅವಳ ಮೆಸೇಜು ಬಂತು. "ತಾತ ಒಪ್ತಿಲ್ಲ ಕಣ್ರೀ. ನನ್ನಿಂದಾನೇ ಆಗಿದ್ದು. ಕ್ಷಮಿಸಿ." ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆಂದೂ ಎತ್ತಲಿಲ್ಲ.

ಕೆತ್ತಿಟ್ಟ ಎಳನೀರು ಜಗಲಿಯಲ್ಲೇ ಇದ್ದವು. ನೊಣ ಕೂರುತ್ತಿತ್ತು. ಸಂಜೆ ಅಪ್ಪ ಅವುಗಳನ್ನು ಒಂದೊಂದಾಗಿ ದನದ ಬಾನಿಗೆ ಸುರಿಯುತ್ತಾ ಕೂತಿದ್ದ. ಬಯ್ಯುತ್ತಾನೆ ಅಂದುಕೊಂಡು ಹತ್ತಿರ ಹೋದೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನನ್ನ ಕಡೆ ತಿರುಗದೇ ಕೇಳಿದ:

"ನಾನ್ ಇಲ್ದೇ ಇದ್ದಿದ್ರೆ ಈ ಮದ್ವೆ ಆಗೋಗಿರೋದು, ಅಲ್ವೇನ್ಲಾ?"

ಇಲ್ಲಪ್ಪಾ ಅನ್ನಬೇಕಿತ್ತು. ಅಂದೆ ಕೂಡ. ಆದರೆ ಅಷ್ಟು ಹೊತ್ತಿಗೆ ಅಪ್ಪ ಉಳಿದಿದ್ದ ಒಂದು ಎಳನೀರನ್ನೂ ಸುರಿದು, ಬುರುಡೆ ಪಕ್ಕಕ್ಕಿಟ್ಟು, ಪಂಚೆಗೆ ಕೈ ಒರೆಸಿಕೊಂಡು, ಎದ್ದು ಒಳಗೆ ಹೋಗಿಬಿಟ್ಟಿದ್ದ.