ಬಾಯಲ್ಲಿ ಸ್ಟಾರ್ಟ್ ಆದ ಎಂಜಿನ್

ಪಕ್ಕದ ಮನೆಯ ಹುಲ್ಲು ಕತ್ತರಿಸುವ ಯಂತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆದ ಚರಿತ್ರೆಯೇ ಇಲ್ಲ. ಇವತ್ತು ಬೆಳಿಗ್ಗೆಯೂ ಅದು ಕೆಮ್ಮಿ, ಸೀನಿ, ಪೆಟ್ರೋಲಿನ ವಾಸನೆಯನ್ನು ನನ್ನ ಇಡ್ಲಿಯವರೆಗೆ ಕಳಿಸಿಕೊಟ್ಟಿತು. ಇಡ್ಲಿ ಕೈಯಲ್ಲೇ ಉಳಿಯಿತು, ನನಗೆ ಲಾರೆನ್ಸ್ ಅಂಕಲ್ ನೆನಪಾದರು. ಇದು ಬಹಳ ಪುರಾತನ ಕಾಲದ ಸಂಗತಿ, ಅಂದರೆ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಿನದು. ಈಗ ಪ್ಲಸ್ ಟು. ವಯಸ್ಸಾಗುತ್ತಾ ಬಂತು ನೋಡಿ.

ಮಂಜೇಶ್ವರದಲ್ಲಿ ಒಂದು ವಿಮಾನ ಮ್ಯೂಸಿಯಂ ಉಂಟು ಎಂದರೆ ನೀವು ನಂಬಲಿಕ್ಕಿಲ್ಲ. ಎಕ್ಸ್‌ಪ್ರೆಸ್ ರೈಲು ನಿಂತರೇ ನಮಗೆ ಹಬ್ಬ. ಆದರೆ ವಾಯುಸೇನೆಯಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದ ಲಾರೆನ್ಸ್ ಅಂಕಲ್ ಮನೆಯ ಬದಿಗೆ ಶೀಟಿನ ಶೆಡ್ಡು ಹಾಕಿಸಿ, ಗುಜರಿಯಿಂದ ತಂದ ಪ್ರೊಪೆಲ್ಲರ್, ಪೈಲಟ್ ಕೂರುವ ಸೀಟು, ಮುಳ್ಳು ನಿಂತುಹೋದ ಮೀಟರುಗಳು, ನಡುವೆ ದೊಡ್ಡ ಹಲಸಿನ ಹಣ್ಣಿನ ಹಾಗೆ ಕುಳಿತ ಒಂದು ಎಂಜಿನ್, ಎಲ್ಲವನ್ನೂ ಒರೆಸಿ ಇಟ್ಟಿದ್ದರು. ಬಂದವರಿಗೆ ಅವರ ಹೆಂಡತಿ ಸೆವ್ರಿನ್ ಆಂಟಿ ಲಿಂಬೆ ಶರಬತ್ತು ಕೊಡುತ್ತಿದ್ದರು. ಬರುವವರಲ್ಲಿ ಅರ್ಧ ಜನಕ್ಕೆ ವಿಮಾನ ಕಂಡದ್ದು ಶರಬತ್ತಿನ ಗ್ಲಾಸಿನ ಆಚೆಗೆ.

ಅಲ್ಲಿ ಕಂಪ್ಯೂಟರ್ ಕೆಲಸಕ್ಕೆ ಯಾರಾದರೂ ಬೇಕಂತೆ ಎಂದು ಟೀಚರ್ ಹೇಳಿದಾಗ ನಾನು ಎರಡೂ ಕೈ ಎತ್ತಿದೆ. ಲ್ಯಾಪ್‌ಟಾಪನ್ನು ಆಪರೇಷನ್‌ಗೆ ಹೊರಟ ಡಾಕ್ಟರ ಗಾಂಭೀರ್ಯದಲ್ಲಿ ಹಿಡಿದುಕೊಂಡು ಹೋದೆ. ಪ್ರತಿಯೊಂದು ಸಾಮಾನಿಗೂ ಕ್ಯೂಆರ್ ಕೋಡ್ ಅಂಟಿಸಿದೆ. ಫೋನ್ ಹಿಡಿದರೆ ಕನ್ನಡದಲ್ಲೂ ಮಲಯಾಳದಲ್ಲೂ ವಿವರ ಬರುತ್ತಿತ್ತು. ಹುಮ್ಮಸ್ಸಿನಲ್ಲಿ ಆಂಟಿಯ ಶರಬತ್ತಿನ ಜಗ್ಗಿಗೂ ಒಂದು ಅಂಟಿಸಿದ್ದೆ.

ಅಂಕಲ್ ಅದನ್ನೆಲ್ಲ ನೋಡಿ ತಲೆಯಾಡಿಸಿದರು. ಆಮೇಲೆ ನನ್ನನ್ನು ಎಂಜಿನ್ನಿನ ಹತ್ತಿರ ಕರೆದರು. ಯಾವಾಗಲೂ ಕಿರುಚಿಯೇ ಮಾತಾಡುವವರು ಅವತ್ತು ಮೆಲ್ಲಗೆ ಹೇಳಿದರು:

“ನಂಗೆ ಇದರ ಶಬ್ದ ಬೇಕು ಮಾರಾಯ್ತಿ. ಬಲದ ಕಿವಿ ಹೋಗಿ ಆಯ್ತು. ಎಡದ್ದು ಸ್ವಲ್ಪ ಉಂಟು, ಅದೂ ನಿಲ್ಲುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಹೋಗುವ ಮೊದಲು ಒಮ್ಮೆ ಕೇಳ್ಬೇಕು.”

ಕಿವಿ ತಿಂದದ್ದು ಇಂಥದೇ ಎಂಜಿನ್ನುಗಳು. ಈಗ ಇದರ ಹೊಟ್ಟೆಯೊಳಗೆ ಏನೂ ಉಳಿದಿರಲಿಲ್ಲ; ಇನ್ನು ಯಾವ ಜನ್ಮದಲ್ಲೂ ತಿರುಗುವಂಥದ್ದಲ್ಲ.

ಐದು ನಿಮಿಷದ ಕೆಲಸ ಎಂದುಕೊಂಡು ಇಂಟರ್‌ನೆಟ್ಟಿನಿಂದ ಎಂಜಿನ್ ಶಬ್ದಗಳ ರಾಶಿಯನ್ನೇ ಇಳಿಸಿದೆ. ಅಂಕಲ್ ಹೆಡ್‌ಫೋನನ್ನು ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ, ಒಂದೊಂದನ್ನೂ ಬೇಡವೆಂದರು. ಒಂದು ಮೀನಿನ ಬೋಟಿನದ್ದಂತೆ. ಇನ್ನೊಂದು ಅಕ್ಕಿ ಮಿಲ್ಲಿನದ್ದು. ಮತ್ತೊಂದು ಅದೇ ಜಾತಿಯ ಎಂಜಿನ್ನೇ, ಆದರೆ ಅವರು ಕೆಲಸ ಮಾಡಿದ ಹಿಮದ ಊರಿನ ಚಳಿ ಕಂಡದ್ದಲ್ಲವಂತೆ. ಆಂಟಿ ಬಾಗಿಲಲ್ಲಿ ನಿಂತು, “ನನ್ನನ್ನು ನೋಡ್ಲಿಕ್ಕೆ ಬಂದಾಗ ಇವರು ಇಷ್ಟು ಯೋಚನೆ ಮಾಡ್ಲಿಲ್ಲ” ಎಂದರು.

ನನಗೂ ಸಾಕಾಗಿ, ಹಾಗಾದರೆ ಹೇಗಿತ್ತು ಹೇಳಿ ಎಂದೆ, ರೆಕಾರ್ಡರ್ ಒತ್ತಿದೆ.

ಅವರು ಹೇಳಲಿಲ್ಲ, ಸ್ಟಾರ್ಟ್ ಆದರು. ಮೊದಲು ಮೂಗಿನಲ್ಲಿ ಸೊಳ್ಳೆಯಂಥ ಉದ್ದನೆಯ ರಾಗ. ಎರಡು ಕೆಮ್ಮು. ಆಮೇಲೆ ಏನೂ ಇಲ್ಲ, ಎಂಜಿನ್ ಸತ್ತೇಹೋಯಿತು ಅನ್ನಿಸುವಷ್ಟು ಹೊತ್ತು. ಮತ್ತೆ ಒಂದೊಂದೇ ಸಿಲಿಂಡರ್ ಹಿಡಿದುಕೊಂಡಿತು. ಕೊನೆಗೆ ಎದ್ದ ಆರ್ಭಟಕ್ಕೆ ಅವರ ಹಲ್ಲಿನ ಸೆಟ್ಟು ಕಳಚಿ, ತೆಂಗಿನಮರದ ಕಾಗೆಗಳು ಗಡಿ ದಾಟಿ ಕರ್ನಾಟಕಕ್ಕೆ ಹೋದವು. ಅಂಕಲ್ ಬೆವರುತ್ತಿದ್ದರು.

ಮನೆಯಲ್ಲಿ ಕೂತು, ಗಲಾಟೆ ತೆಗೆಯುವ ಸಾಫ್ಟ್‌ವೇರಿಗೆ ಆ ರೆಕಾರ್ಡಿಂಗ್ ಹಾಕಿದೆ. ಅದು ಬಹಳ ವಿಧೇಯವಾಗಿ ಲಾರೆನ್ಸ್ ಅಂಕಲ್‌ರ ಇಡೀ ಎಂಜಿನ್ನನ್ನು ತೆಗೆದುಹಾಕಿತು. ಉಳಿದದ್ದು, ಗಂಜಿ ಆರುತ್ತದೆಂದು ಅಡುಗೆಮನೆಯಿಂದ ಕೊಂಕಣಿಯಲ್ಲಿ ಕೂಗಿದ ಆಂಟಿಯ ಸ್ವರ ಮಾತ್ರ, ಗಂಟೆ ಹೊಡೆದಷ್ಟು ಸ್ಪಷ್ಟ.

ಬಿದ್ದು ಬಿದ್ದು ನಕ್ಕೆ. ಮತ್ತೆ ನಗು ತಾನಾಗಿಯೇ ನಿಂತಿತು. ಸಾಫ್ಟ್‌ವೇರಿನದ್ದು ತಪ್ಪಲ್ಲ. ಮನುಷ್ಯರ ಮಾತು ಇಟ್ಟುಕೋ, ಬಾಕಿಯದ್ದು ಗಲಾಟೆ ಎಂದು ಅದಕ್ಕೆ ಕಲಿಸಿದ್ದಾರೆ. ಒಬ್ಬ ಮನುಷ್ಯನಿಗೆ ಹೇಳಲಿಕ್ಕಿರುವುದೆಲ್ಲ ಗಲಾಟೆಯಲ್ಲೇ ಇರಬಹುದು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ನನಗೂ ಅಷ್ಟೇ.

ಒಂದು ಚೂರೂ ತಿದ್ದದೆ, ಹಲ್ಲು ಕಳಚಿದ ಸದ್ದಿನ ಸಮೇತ ಮರುದಿನ ಅಂಕಲ್‌ಗೆ ಕೇಳಿಸಿದೆ. ಅವರು ಕಣ್ಣು ತೆರೆಯಲು ಬಹಳ ಹೊತ್ತಾಯಿತು. “ಇದೇ” ಎಂದರು. ಎಂಜಿನ್ನಿನ ಕೆಳಗೆ ಒಂದು ಸ್ಪೀಕರ್, ಒಂದು ಕೆಂಪು ಗುಂಡಿ ಕೂರಿಸಿದೆ.

ಶಾಲೆಯ ಮಕ್ಕಳ ಮೊದಲ ಗುಂಪು ಬರುವಷ್ಟರಲ್ಲಿ ಅವರ ಎಡಗಿವಿಯೂ ಮುಚ್ಚಿಹೋಗಿತ್ತು. ಒಬ್ಬ ಗುಂಡಿ ಒತ್ತಿದ. ಎರಡನೇ ಕೆಮ್ಮಿಗೆ ಇಡೀ ಶೆಡ್ಡು ನಗುವಿನಿಂದ ಒಡೆಯಿತು. ನನಗೆ ಭೂಮಿಯೊಳಗೆ ಹೋಗುವ ಹಾಗಾಯಿತು. ಅಂಕಲ್ ಮಕ್ಕಳ ಬಾಯಿಗಳನ್ನು ನೋಡಿ, ಎಂತ ಎಂದು ನನ್ನತ್ತ ಹುಬ್ಬು ಹಾರಿಸಿದರು. ಖುಷಿಯಾಗಿದೆ ಎಂದು ಬರೆಯಬಹುದಿತ್ತು. ನಗುತ್ತಿದ್ದಾರೆ ಎಂದೇ ಫೋನಿನಲ್ಲಿ ಬರೆದು ತೋರಿಸಿದೆ.

“ನಗ್ಲಿ,” ಎಂದರು ಅವರು. “ಚಳಿಗೆ ಅದು ಏಳುದೇ ಇಲ್ಲ ಅಂತ ಹೆದರಿ ನಿಲ್ತಿದ್ದೆವು. ಎದ್ದ ಕೂಡ್ಲೆ ನಾವೆಲ್ಲ ಹೀಗೇ ನಗ್ತಿದ್ದದ್ದು.”

ಇವತ್ತು ಬೆಳಿಗ್ಗೆಯಿಂದ ಇದೇ ತಲೆಯಲ್ಲಿತ್ತು. ಸಂಜೆ ಬಸ್ಸು ಹತ್ತಿದರೆ, ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲಲ್ಲಿ ಕೂತ ಒಬ್ಬ ಪುಟ್ಟ ಮೂಗಿನಲ್ಲಿ ಉದ್ದಕ್ಕೆ ರಾಗ ಎಳೆಯುತ್ತಿದ್ದ. ಇವನೂ ಈಚೆಗೆ ಯಾವಾಗಲೋ ಶೆಡ್ಡಿಗೆ ಬಂದು ಗುಂಡಿ ಒತ್ತಿದವನೇ, ಸಂಶಯವಿಲ್ಲ. ಆದರೆ ರಾಗ ಮುಗಿದದ್ದೇ ನೇರ ಆರ್ಭಟಕ್ಕೆ ಹಾರಿದ. ಕೆಮ್ಮೇ ಇಲ್ಲ! ನನ್ನಿಂದ ಸಹಿಸಲಾಗಲಿಲ್ಲ. ಪ್ಲಸ್ ಟುವಿನ ಮರ್ಯಾದೆಯನ್ನು ಬ್ಯಾಗಿನೊಳಗೆ ತುರುಕಿ, ಮುಂದಕ್ಕೆ ಬಾಗಿ, ಎರಡು ಸಲ ಗಟ್ಟಿಯಾಗಿ ಕೆಮ್ಮಿದೆ.

“ಇಲ್ಲಿ ಉಸಿರು ಹಿಡಿ,” ಎಂದೆ.

ಅವನು ಕೆನ್ನೆ ಉಬ್ಬಿಸಿ ಹಿಡಿದ. ನಾನೂ ಹಿಡಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರ್ ಬೆಲ್ಲಿನ ಹಗ್ಗ ಹಿಡಿದವನು ಎಳೆಯದೆ ಕಾದ.